ಸೋಲುವ ಕಡೆಗೆ ಯಾರು ಕೂರ್ತಾರೆ ಸರ್?

ಈ ಸಲ ಬಂದ ಪ್ರಶ್ನೆಗಳಲ್ಲಿ ಐದಾರು ಒಂದೇ ವಿಷಯದ್ದು, ಹಾಗಾಗಿ ಬೇರೆ ಎಲ್ಲಾ ಮುಂದಿನ ಸಂಚಿಕೆಗೆ ಇಟ್ಕೊಂಡಿದೀನಿ. ವಾರ್‌ಗೇಮ್ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ ಎರಡೇ ಮಾತು. ಒಂದು ಮೇಜು, ಅದರ ಮೇಲೆ ಹೊಳೆ ಕೆರೆ ಊರು ಎಲ್ಲಾ ಜೋಡಿಸಿರ್ತಾರೆ, ಸೈನ್ಯದ ಬದಲು ಚಿಕ್ಕ ಗೊಂಬೆ ಇಲ್ಲಾ ರಟ್ಟಿನ ತುಂಡು, ಅಳೆಯೋಕೆ ಟೇಪು, ಅದೃಷ್ಟಕ್ಕೆ ದಾಳ. ಯಾವ ಕದನ, ಯಾರ ಹತ್ರ ಎಷ್ಟು ಸೈನ್ಯ, ಎಲ್ಲಿಂದ ಶುರು, ಏನಾದ್ರೆ ಗೆಲುವು ಅಂತ ಬರೆದಿಡೋ ಹಾಳೆಗೆ ಸಿನಾರಿಯೋ ಅಂತೀವಿ. ಆ ಹಾಳೆ ಬರೆಯೋದು ಹೇಗೆ ಅನ್ನೋದೇ ಎಲ್ಲರ ತಲೆನೋವು.

ಪ್ರಶ್ನೆ: ನಮಸ್ಕಾರ ಸರ್. ನಾನು ನನ್ನ ತಮ್ಮ ಇಬ್ರೂ ಸೇರಿ 1780ರಲ್ಲಿ ಕಾಂಚೀಪುರದ ಹತ್ರ ನಡೆದ ಪೊಲ್ಲಿಲೂರು ಕದನಾನ ಗೇಮ್ ಮಾಡೋಕೆ ಹೊರಟಿದೀವಿ. ಪುಸ್ತಕ ಓದಿ ಎರಡೂ ಕಡೆ ಲೆಕ್ಕ ಹಾಕಿದ್ವಿ, ಹೈದರಾಲಿ ಕಡೆ ಎಂಬತ್ತು ಸಾವಿರಕ್ಕೂ ಜಾಸ್ತಿ, ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೇಯ್ಲಿ ಹತ್ರ ನಾಲ್ಕು ಸಾವಿರಾನೂ ಇಲ್ಲ. ಮೂರು ಸಲ ಆಡಿದ್ವಿ, ಮೂರು ಸಲಾನೂ ಕಂಪನಿ ಸೈನ್ಯ ಚಿಂದಿ. ಈಗ ತಮ್ಮ ಬೇಯ್ಲಿ ಕಡೆ ಕೂರಲ್ಲ ಅಂತಾನೆ, ನನಗೂ ಬೇಡ. ಸೋಲು ಗ್ಯಾರಂಟಿ ಇರೋ ಕಡೆಗೆ ಯಾರು ಕೂರ್ತಾರೆ ಸರ್? ಸೈನ್ಯದ ಸಂಖ್ಯೆ ಕಮ್ಮಿ ಮಾಡಿಬಿಡೋಣ ಅಂದ್ರೆ ಇತಿಹಾಸಕ್ಕೆ ಮೋಸ ಅನ್ಸುತ್ತೆ.

ಉತ್ತರ: ನಿಮ್ಮ ತಮ್ಮನ್ನ ಬೈಬೇಡಿ, ನಾನೂ ಇದೇ ಕದನದಲ್ಲಿ ಇದೇ ಹಳ್ಳಕ್ಕೆ ಬಿದ್ದವನು. ಹೈದರನ ದಂಡೆಲ್ಲಾ ಬರಲೇಬೇಕು ಅಂತ ಇನ್ನೂರು ಚಿಲ್ಲರೆ ರಟ್ಟಿನ ತುಂಡು ಕತ್ತರಿಸಿದ್ದೆ, ಎರಡು ಭಾನುವಾರ ಅದಕ್ಕೇ ಹೋಯ್ತು. ಆಟ ಶುರುವಾಗಿ ನಲವತ್ತು ನಿಮಿಷಕ್ಕೆ ಮುಗೀತು. ಎದುರಿಗೆ ಬೇಯ್ಲಿ ಆಗಿ ಕೂತಿದ್ದ ಗೆಳೆಯ ಮೂರನೇ ಟರ್ನ್ (ಎರಡೂ ಕಡೆಯವರು ಒಂದೊಂದು ಸಲ ಆಡೋ ಸುತ್ತು) ಹೊತ್ತಿಗೇ ಫೋನ್ ತೆಗೆದಿದ್ದ, ನಾನು ದಾಳ ಹಾಕಿ ಹಾಕಿ ಅವನ ತುಂಡುಗಳನ್ನ ಎತ್ತಿಡ್ತಿದ್ದೆ, ಅವನು ಹೂಂ ಹೂಂ ಅಂತಿದ್ದ. ಅವತ್ತು ಅರ್ಥ ಆಗಿದ್ದು ಏನಂದ್ರೆ ನಾನು ಕದನದ ಕೊನೇ ಒಂದು ಗಂಟೆಯನ್ನ ಗೇಮ್ ಮಾಡಿದ್ದೆ, ಆ ಒಂದು ಗಂಟೇಲಿ ಬೇಯ್ಲಿಗೆ ನಿರ್ಧಾರ ಮಾಡೋಕೆ ಅಂತ ಏನೂ ಉಳಿದೇ ಇರ್ಲಿಲ್ಲ.

ಹಾಗಾಗಿ ಮೊದಲು ಹುಡುಕಬೇಕಾದ್ದು ಸಂಖ್ಯೆ ಅಲ್ಲ, ಇಡೀ ಕತೆ ಯಾವ ನಿರ್ಧಾರದ ಮೇಲೆ ತಿರುಗ್ತು ಅನ್ನೋದು. ಪೊಲ್ಲಿಲೂರಿನ ಕತೆ ಸ್ವಲ್ಪ ಹಿಂದಿನಿಂದ ನೋಡಿ. ಆಗಸ್ಟ್ ಕೊನೇಲಿ ಬೇಯ್ಲಿ ಉತ್ತರದಿಂದ ಇಳಿದು ಬರ್ತಾ ಕೊಸಸ್ತಲೈ ಹೊಳೆ ದಡಕ್ಕೆ ಬರ್ತಾನೆ, ದಾಟದೆ ಈಚೆ ದಡದಲ್ಲೇ ಡೇರೆ ಹಾಕ್ತಾನೆ, ರಾತ್ರಿ ಹೊಳೆ ತುಂಬಿ ಹರಿಯುತ್ತೆ, ಸೆಪ್ಟೆಂಬರ್ ಮೊದಲ ವಾರದ ತನಕ ಅಲ್ಲೇ ಸಿಕ್ಕಿ ಬೀಳ್ತಾನೆ. ಆರನೇ ತಾರೀಕು ಪೆರಂಬಾಕ್ಕಂ ಹತ್ರ ಟಿಪ್ಪು ಅವನನ್ನ ತಡೀತಾನೆ, ಜಗಳ ಆಗುತ್ತೆ, ಯಾರೂ ಗೆಲ್ಲಲ್ಲ. ಅಲ್ಲಿಂದ ಕಾಂಚೀಪುರ ಇಪ್ಪತ್ತೆರಡು ಕಿಲೋಮೀಟರ್ ಆಸುಪಾಸು, ಅಲ್ಲಿ ಕಂಪನಿಯ ಸೇನಾಪತಿ ಸರ್ ಹೆಕ್ಟರ್ ಮನ್ರೋ ಸುಮಾರು ಐದು ಸಾವಿರ ಜನ ಇಟ್ಕೊಂಡು ಕೂತಿದಾನೆ, 1764ರಲ್ಲಿ ಬಕ್ಸಾರ್ ಕದನ ಗೆದ್ದ ಅದೇ ಮನ್ರೋ. ಅವನು ತಾನು ಬರೋ ಬದಲು ಕರ್ನಲ್ ಫ್ಲೆಚರ್ ಕೈಲಿ ಒಂದು ಸಾವಿರ ಜನಾನ ಕಳಿಸ್ತಾನೆ. ದಾರಿ ತೋರಿಸೋರು ಹೈದರನ ಕಡೆಯವರು ಅಂತ ಫ್ಲೆಚರ್‌ಗೆ ಅನುಮಾನ ಬಂದು ಬೇರೆ ದಾರಿ ಹಿಡಿದು ಒಂಬತ್ತನೇ ತಾರೀಕು ಬೇಯ್ಲಿನ ಸೇರ್ಕೊತಾನೆ. ಆ ರಾತ್ರಿ ಎಲ್ಲರೂ ಕಾಂಚೀಪುರದ ಕಡೆ ಹೊರಡ್ತಾರೆ, ಕತ್ತಲಲ್ಲಿ ಟಿಪ್ಪು ಕಡೆಯವರು ಕಾಟ ಕೊಡ್ತಾನೇ ಇರ್ತಾರೆ, ನಡು ದಾರೀಲಿ ಬೇಯ್ಲಿ "ನಿಲ್ಲಿ, ಬೆಳಕು ಹರೀಲಿ" ಅಂತಾನೆ.

ಅಷ್ಟೇ ಸ್ವಾಮಿ. ಆ ನಿಂತಿದ್ದೇ ಕದನ. ಅವನು ನಿಂತ ಹೊತ್ತಲ್ಲಿ ಟಿಪ್ಪು ಫಿರಂಗಿಗಳನ್ನ ಬೇಕಾದ ಜಾಗಕ್ಕೆ ಎಳೆಸಿದ, ಹೈದರನಿಗೆ ಸುದ್ದಿ ಹೋಯ್ತು, ಬೆಳಗಾಗೋ ಹೊತ್ತಿಗೆ ಇಡೀ ದಂಡು ಆ ಕಡೆ ತಿರುಗಿತ್ತು. ಹತ್ತನೇ ತಾರೀಕು ಬೆಳಗ್ಗೆ ಆಗಿದ್ದೆಲ್ಲಾ ಅದರ ಬಡ್ಡಿ.

ನಿಮ್ಮ ಗೇಮ್ ಇಲ್ಲಿಂದ ಶುರುವಾಗ್ಲಿ. ಕಂಪನಿ ಕಡೆ ಆಡೋರಿಗೆ ಮೊದಲೇ ಒಂದು ಪ್ರಶ್ನೆ ಇಡಿ: ನಿಲ್ತೀರಾ, ನಡೀತೀರಾ? ನಿಲ್ತೀವಿ ಅಂದ್ರೆ ಸೈನ್ಯ ಮೇಜಿನ ಅಂಚಿಂದ ಶುರು, ಸಾಲು ನೆಟ್ಟಗಿದೆ, ಜನ ಸ್ವಲ್ಪ ಸುಧಾರಿಸ್ಕೊಂಡಿದಾರೆ, ಆದ್ರೆ ಮೈಸೂರಿನ ಫಿರಂಗಿಗಳು ಆಗಲೇ ಅವರವರ ಜಾಗದಲ್ಲಿ ಕೂತಿವೆ, ಹೈದರ್ ಎರಡನೇ ಟರ್ನ್‌ಗೆ ಬರ್ತಾನೆ. ನಡೀತೀವಿ ಅಂದ್ರೆ ಮೇಜಿನ ಅರ್ಧಕ್ಕೆ ಬಂದಿರ್ತೀರಿ, ಎದುರಿಗೆ ಟಿಪ್ಪು ಒಬ್ಬನೇ, ಆದ್ರೆ ಕತ್ತಲು. ಪ್ರತಿ ತುಕಡಿಗೂ ದಾಳ ಹಾಕಿ ಒಂದೋ ಎರಡೋ ಬಿದ್ರೆ ದಾರಿ ತಪ್ಪಿದೆ, ಮದ್ದುಗುಂಡಿನ ಗಾಡಿಗಳು ಹಿಂದೆ ಉಳಿದಿವೆ, ಸಾಲು ಚೆಲ್ಲಾಪಿಲ್ಲಿ. ಹೈದರ್ ಯಾವಾಗ ಬರ್ತಾನೆ ಅಂತ ಯಾರಿಗೂ ಗೊತ್ತಿಲ್ಲ. ನನ್ನ ಗೆಳೆಯನಿಗೆ ಇದನ್ನ ಕೇಳಿದಾಗ ಅವನು ಐದು ನಿಮಿಷ ಮಾತೇ ಆಡಲಿಲ್ಲ, ಆಮೇಲೆ ನಿಲ್ತೀನಿ ಅಂದ! ಬೇಯ್ಲಿನ ದಡ್ಡ ಅಂತ ಅಷ್ಟು ದಿನ ಆಡ್ಕೊಂಡಿದ್ದವನು.

ಇನ್ನು ಸೋಲು ಗೆಲುವಿನ ವಿಷಯ. ಹೈದರನ ಸೈನ್ಯಾನ ಸೋಲಿಸಿದ್ರೆ ಗೆಲುವು ಅಂತ ಬರೆದ್ರೆ ಕಂಪನಿ ಕಡೆ ಕೂತೋರು ಎದ್ದು ಹೋಗ್ತಾರೆ, ಸರೀನೆ. ಬೇಯ್ಲಿಯ ಉದ್ದೇಶ ಹೈದರನ್ನ ಸೋಲಿಸೋದೇ ಆಗಿರ್ಲಿಲ್ಲ, ಕಾಂಚೀಪುರ ಸೇರೋದಾಗಿತ್ತು. ಹಾಗಾಗಿ ಮೇಜಿನ ಆ ತುದಿ ದಾಟಿದ ಪ್ರತಿ ತುಕಡಿಗೆ ಒಂದು ಪಾಯಿಂಟ್, ಫಿರಂಗಿ ದಾಟಿಸಿದ್ರೆ ಎರಡು. ನಿಜವಾಗಿ ನಡೆದಾಗ ಬೇಯ್ಲಿಗೆ ಬಂದಿದ್ದು ಸೊನ್ನೆ, ಸೈನ್ಯ ಪೂರ್ತಿ ಸತ್ತಿತು ಇಲ್ಲಾ ಸೆರೆ ಸಿಕ್ಕಿತು, ಅವನೂ ಸೆರೆಯಾದ. ನಿಮ್ಮ ತಮ್ಮ ನಾಲ್ಕು ಪಾಯಿಂಟ್ ತಗೊಂಡ್ರೂ ಇತಿಹಾಸಕ್ಕಿಂತ ಮೇಲು, ಏಳು ತಗೊಂಡ್ರೆ ಗೆದ್ದ ಅಂತ ಇಡಿ. ಹೈದರ್ ಕಡೆಯವರು ಅವರನ್ನ ಏಳಕ್ಕಿಂತ ಕೆಳಗೆ ಇಡಬೇಕು, ಅದೂ ಹದಿನಾರು ಟರ್ನ್ ಒಳಗೆ, ಜೊತೆಗೆ ತಮ್ಮ ಕುದುರೆ ಪಡೆ ತೀರಾ ಹಾಳಾಗದ ಹಾಗೆ, ಯಾಕಂದ್ರೆ ಹೈದರನಿಗೆ ಇನ್ನೂ ಯುದ್ಧ ಬಾಕಿ ಇತ್ತು, ಆರ್ಕಾಟ್ ಇನ್ನೂ ಬಿದ್ದಿರ್ಲಿಲ್ಲ.

ಈಗ ಸಂಖ್ಯೆಗೆ ಬರೋಣ. ಒಂದು ತುಂಡಿಗೆ 200 ಜನ ಅಂತ ಇಟ್ಕೊಂಡ್ರೆ ಬೇಯ್ಲಿ ಫ್ಲೆಚರ್ ಇಬ್ಬರದ್ದೂ ಸೇರಿ 3,800 ಅಂದ್ರೆ 19 ತುಂಡು. ಅದೇ ಲೆಕ್ಕದಲ್ಲಿ ಎಂಬತ್ತು ಸಾವಿರಕ್ಕೆ 400 ತುಂಡು! ಎಲ್ಲಿ ಇಡ್ತೀರಿ? ಆದ್ರೆ ಆ ಎಂಬತ್ತು ಸಾವಿರ ಹೈದರ್ ಕರ್ನಾಟಿಕ್ (ಈಗಿನ ತಮಿಳುನಾಡಿನ ಆರ್ಕಾಟ್ ಸೀಮೆ) ಮೇಲೆ ಬಂದಾಗಿನ ಇಡೀ ದಂಡಿನ ಲೆಕ್ಕ, ಒಂದೇ ಬಯಲಲ್ಲಿ ಒಂದೇ ಬೆಳಗ್ಗೆ ಎಲ್ಲರೂ ಕತ್ತಿ ಬೀಸಲ್ಲ. ನಾನು ಮಾಡಿದ್ದು ಹೀಗೆ: ಮೈಸೂರಿಗೆ ಮೇಜಿನ ಮೇಲೆ ಯಾವಾಗಲೂ 36 ತುಂಡು ಮಾತ್ರ, ಆದ್ರೆ ಓಡಿಹೋದ ಕುದುರೆ ತುಕಡಿ ಸತ್ತಿಲ್ಲ, ಎರಡು ಟರ್ನ್ ಬಿಟ್ಟು ಯಾವ ಅಂಚಿಂದ ಬೇಕಾದ್ರೂ ಹೊಸದಾಗಿ ಬರುತ್ತೆ. ಬೇಯ್ಲಿ ಕಡೆಯೋರು ಒಂದು ದಾಳಿ ಮುರಿದು ಉಸಿರು ಬಿಡೋ ಅಷ್ಟರಲ್ಲಿ ಇನ್ನೊಂದು ಕಡೆಯಿಂದ ಧೂಳು ಏಳುತ್ತೆ. 400 ತುಂಡು ಇಟ್ರೂ ಬರದ ಆ ಭಯ 36ರಲ್ಲಿ ಬಂತು. ಇದು ಇತಿಹಾಸಕ್ಕೆ ಮೋಸ ಅಂತ ನನಗೆ ಅನ್ಸಲ್ಲ, ಅವತ್ತು ಚೌಕದ ಒಳಗೆ ನಿಂತವನಿಗೆ ಎದುರಿಗಿರೋದು ಎಷ್ಟು ಸಾವಿರ ಅಂತ ಎಣಿಸೋಕೆ ಆಗ್ತಿತ್ತಾ?

ಚೌಕ ಅಂದೆ ನೋಡಿ, ಕುದುರೆ ಬಂದಾಗ ಕಾಲಾಳುಗಳು ನಾಲ್ಕೂ ಕಡೆ ಬಂದೂಕು ಚಾಚಿ ಚೌಕಾಕಾರ ನಿಲ್ಲೋದು. ಪೊಲ್ಲಿಲೂರಿನ ಜೀವಾಳ ಇದು, ರೂಲ್ಸ್‌ನಲ್ಲಿ ಇದೊಂದು ಸರಿಯಾಗಿ ಬಂದ್ರೆ ಮಿಕ್ಕಿದ್ದು ತಾನಾಗೇ ಬರುತ್ತೆ. ಚೌಕ ಕಟ್ಟಿದ್ರೆ ಕುದುರೆ ಏನೂ ಮಾಡಕ್ಕಾಗಲ್ಲ, ದಾಳಿ ಮೇಲೆ ದಾಳಿ ತಡೆದ್ರು ಅವರು. ಆದ್ರೆ ಚೌಕ ಅಂದ್ರೆ ಜನ ಒತ್ತೊತ್ತಾಗಿ ನಿಂತಿರ್ತಾರೆ, ಫಿರಂಗಿ ಗುಂಡಿಗೆ ಅದಕ್ಕಿಂತ ಒಳ್ಳೇ ಗುರಿ ಇಲ್ಲ. ಸಾಲಾಗಿ ಹರಡಿದ್ರೆ ಫಿರಂಗಿಯಿಂದ ಸ್ವಲ್ಪ ಬಚಾವ್, ಆದ್ರೆ ಕುದುರೆ ನುಗ್ಗುತ್ತೆ. ಹಾಗಾಗಿ ನನ್ನ ರೂಲ್ ಎರಡೇ ಸಾಲು: ಚೌಕದ ಮೇಲೆ ಕುದುರೆ ದಾಳಿಗೆ ಒಂದೇ ದಾಳ, ಚೌಕದ ಮೇಲೆ ಫಿರಂಗಿಗೆ ದಾಳ ಡಬಲ್. ಮೈಸೂರಿನೋರು ಕುದುರೆ ತೋರಿಸಿ ಚೌಕ ಕಟ್ಟಿಸ್ತಾರೆ, ಫಿರಂಗಿ ಹಾರಿಸ್ತಾರೆ, ಹಿಂದೆ ಸರೀತಾರೆ. ಇನ್ನೊಂದು, ಚೌಕ ಕಟ್ಟಿದ ತುಕಡಿ ಆ ಟರ್ನ್ ನಡೆಯೋ ಹಾಗಿಲ್ಲ. ಕಾಂಚೀಪುರ ಅಲ್ಲೇ ಕಾಣ್ತಿರುತ್ತೆ ಆದ್ರೆ ಹೆಜ್ಜೆ ಇಡಕ್ಕಾಗಲ್ಲ.

ಬೇಯ್ಲಿ ಕಡೆ ಆಡೋರು ಆಗ ಏನು ಮಾಡ್ತಾರೆ ಅಂದ್ರೆ ಫಿರಂಗಿ ಮೇಲೇ ನುಗ್ಗೋಣ ಅಂತಾರೆ. ನಿಜವಾಗ್ಲೂ ಅವತ್ತು ಹತ್ತು ದಳದ ಸಿಪಾಯಿಗಳು ನುಗ್ಗಿದ್ರು, ಕೆಲವು ಫಿರಂಗಿ ಹಿಡಿದೂ ಹಿಡಿದ್ರು, ಅಷ್ಟರಲ್ಲಿ ಹೈದರನ ಕುದುರೆ ಪಡೆ ಬರೋದು ಕಾಣಿಸ್ತು, ಸಾಲು ಒಡೆದು ವಾಪಸ್ ಓಡಿದ್ರು. ರೂಲ್‌ನಲ್ಲಿ ಬರೆಯದೇ ಇದ್ರೂ ಆಟದಲ್ಲಿ ಅದೇ ನಡೆದಾಗ ನನಗೆ ಮೈ ಜುಂ ಅಂತು, ಸಿನಾರಿಯೋ ಕೂತ್ಕೊಂತು ಅಂತ ಗೊತ್ತಾಗಿದ್ದು ಆಗಲೇ.

ಪ್ರಶ್ನೆ: ಮದ್ದಿನ ಗಾಡಿ ಸ್ಫೋಟ ಆಗಿದ್ದರಿಂದಲೇ ಬೇಯ್ಲಿ ಸೋತ ಅಂತಾರೆ. ಅದನ್ನ ಆಟದಲ್ಲಿ ಯಾವ ಟರ್ನ್‌ಗೆ ಇಡಬೇಕು?

ಉತ್ತರ: ಯಾವ ಟರ್ನ್‌ಗೂ ಇಡಬೇಡಿ. ನಾನು ಮೊದಲು ಆರನೇ ಟರ್ನ್ ಅಂತ ಇಟ್ಟಿದ್ದೆ, ಹಾಳೇಲಿ ಅದು ಬರೆದಿತ್ತಲ್ಲ, ಎದುರಿನವನು ಐದನೇ ಟರ್ನ್‌ಗೆ ಗಾಡಿಗಳನ್ನೆಲ್ಲಾ ಸೈನ್ಯದಿಂದ ದೂರ ತಳ್ಳಿ ನನ್ನ ಮುಖ ನೋಡಿ ನಕ್ಕ. ಬೇಯ್ಲಿಗೆ ಆ ಭಾಗ್ಯ ಇರ್ಲಿಲ್ಲ.

ಏನು ನಡೀತು ಅನ್ನೋದಕ್ಕಿಂತ ಅದು ಯಾಕೆ ನಡೆಯೋ ಹಾಗಿತ್ತು ಅಂತ ನೋಡಿ. ಮದ್ದು ಎಲ್ಲಾ ಕೆಲವೇ ಗಾಡೀಲಿ, ಗಾಡಿ ಸೈನ್ಯದ ಮಧ್ಯದಲ್ಲಿ, ಸುತ್ತ ಐವತ್ತರಷ್ಟು ಫಿರಂಗಿ, ಮೇಲಿಂದ ಮೈಸೂರಿನ ರಾಕೆಟ್. ಎಷ್ಟು ಹೊತ್ತು ಅಲ್ಲೇ ನಿಂತಿರ್ತೀರೋ ಅಷ್ಟು ಅಪಾಯ ಜಾಸ್ತಿ. ಈಗ ನಾನು ಮಾಡೋದು, ಗಾಡಿಯ ಆರು ಇಂಚಿನ ಒಳಗೆ ಗುಂಡೋ ರಾಕೆಟ್ಟೋ ಬಿದ್ದಾಗೆಲ್ಲಾ ಗಾಡಿ ಪಕ್ಕ ಒಂದು ಕೆಂಪು ಗುಂಡಿ ಇಡ್ತೀನಿ, ಶರ್ಟ್ ಗುಂಡಿ ಆದ್ರೂ ಆಯ್ತು. ಟರ್ನ್ ಕೊನೇಲಿ ಎರಡು ದಾಳ ಹಾಕೋದು, ಬಿದ್ದ ಮೊತ್ತ ಗುಂಡಿಗಳ ಸಂಖ್ಯೆಗಿಂತ ಕಮ್ಮಿ ಇಲ್ಲಾ ಸಮ ಬಂದ್ರೆ ಢಮಾರ್. ಎರಡು ಗುಂಡಿ ಇದ್ದಾಗ ಮೂವತ್ತಾರರಲ್ಲಿ ಒಂದೇ ಸಲ ಆಗೋದು, ಐದು ಗುಂಡಿಗೆ ಮೂವತ್ತಾರರಲ್ಲಿ ಹತ್ತು, ಏಳಕ್ಕೆ ಇಪ್ಪತ್ತೊಂದು. ಗುಂಡಿಗಳು ಒಂದೊಂದಾಗಿ ಕೂಡ್ತಾ ಹೋದ ಹಾಗೆ ಆಡೋರ ಕಣ್ಣು ಬೇರೆ ಎಲ್ಲೂ ಹೋಗಲ್ಲ. ಸ್ಫೋಟ ಆದ್ಮೇಲೆ ಕಂಪನಿ ಫಿರಂಗಿಗಳಿಗೆ ಇನ್ನು ಎರಡೇ ಹೊಡೆತ, ಬಂದೂಕಿಗೆ ನಾಲ್ಕು, ಆಮೇಲೆ ಬರೀ ಬಯೊನೆಟ್, ಬಂದೂಕಿನ ತುದಿಗೆ ಸಿಕ್ಕಿಸೋ ಚೂರಿ.

ಗಾಡಿ ದೂರ ತಳ್ತೀನಿ ಅನ್ನೋರಿಗೂ ಅವಕಾಶ ಇರ್ಲಿ, ಆದ್ರೆ ಆರು ಇಂಚಿಗಿಂತ ದೂರ ಹೋದ ಗಾಡಿಯಿಂದ ಮದ್ದು ಸಿಗಲ್ಲ, ಕುದುರೆ ಬಂದು ಹೊಡ್ಕೊಂಡು ಹೋಗಬಹುದು. ರಾಕೆಟ್ ವಿಷಯ ಕೇಳೋರು ಬಹಳ ಜನ ಇದಾರೆ, ಅದಕ್ಕೆ ಇಲ್ಲೇ ಹೇಳಿಬಿಡ್ತೀನಿ. ಅದು ಕಬ್ಬಿಣದ ಕೊಳವೆ, ಬಿದಿರ ಗಳಕ್ಕೆ ಕಟ್ಟಿದ್ದು, ಒಂದು ಕಿಲೋಮೀಟರ್ ಮೀರಿ ಹೋಗ್ತಿತ್ತು ನಿಜ, ಗುರಿ ಮಾತ್ರ ದೇವರಿಗೇ ಪ್ರೀತಿ. ಅದನ್ನ ಮಿಸೈಲ್ ಥರ ಮಾಡಬೇಡಿ. ಬಿದ್ದ ಜಾಗದ ಸುತ್ತ ಎತ್ತು ಕುದುರೆ ಬೆದರುತ್ತೆ, ಸಾಲು ಕದಡುತ್ತೆ, ಒಂದು ಕೆಂಪು ಗುಂಡಿ ಬರುತ್ತೆ. ಸಾಕು.

ಪ್ರಶ್ನೆ: ನಕ್ಷೆ ಅಳತೆ, ಟರ್ನ್ ಸಮಯ ಎಲ್ಲಾ ಹೇಗೆ ಲೆಕ್ಕ ಹಾಕೋದು? ಸುಮ್ನೆ ಅಂದಾಜಿಗೆ ಇಡ್ತಿದೀವಿ.

ಉತ್ತರ: ಅಂದಾಜು ಬೇಡ, ಐದನೇ ಕ್ಲಾಸಿನ ಲೆಕ್ಕ ಇದು. ಮೇಜು ಆರು ಅಡಿ ನಾಲ್ಕು ಅಡಿ ಇದೆ ಅನ್ಕೊಳಿ, 72 ಇಂಚು 48 ಇಂಚು. ಒಂದು ಇಂಚಿಗೆ 50 ಮೀಟರ್ ಅಂದ್ರೆ ಉದ್ದ 3,600 ಮೀಟರ್, ಅಗಲ 2,400. ಆ ಕಾಲದ ಬಂದೂಕು ನೆಚ್ಚಿಕೊಳ್ಳೋ ಹಾಗೆ ತಾಗ್ತಿದ್ದಿದ್ದು ನೂರು ಮೀಟರ್ ಒಳಗೆ, ಅಂದ್ರೆ ಎರಡೇ ಇಂಚು. ಆರು ಪೌಂಡಿನ ಗುಂಡು ಹಾರಿಸೋ ಫಿರಂಗಿಗೆ 700, 800 ಮೀಟರ್, ಹದಿನೈದು ಇಂಚು ಇಡಿ, ಚೂರುಗುಂಡು ಹಾಕಿದ್ರೆ ಆರು ಇಂಚು. ಬಂದೂಕಿಗೆ ಎರಡೇ ಇಂಚಾ ಅಂತ ಎಲ್ಲರೂ ಮುಖ ಸಣ್ಣ ಮಾಡ್ಕೊತಾರೆ, ಹಾಗಂತ ಅದನ್ನ ಎಂಟು ಮಾಡಿದ್ರೆ ಕಾಲಾಳುಗಳು ದೂರದಲ್ಲೇ ನಿಂತು ಫಿರಂಗಿಯೋರನ್ನ ಉರುಳಿಸ್ತಾರೆ, ಕತೆಯೇ ಕೆಟ್ಟು ಹೋಗುತ್ತೆ.

ನಡಿಗೆ ಹೇಗೆ ಅಂದ್ರೆ, ನಿಮಿಷಕ್ಕೆ 75 ಹೆಜ್ಜೆ, ಹೆಜ್ಜೆಗೆ ಮುಕ್ಕಾಲು ಮೀಟರ್, ಹದಿನೈದು ನಿಮಿಷದ ಟರ್ನ್‌ಗೆ 840 ಮೀಟರ್ ಬರುತ್ತೆ, ಹೆಚ್ಚುಕಮ್ಮಿ 17 ಇಂಚು. ಆದ್ರೆ ಯಾವ ಸೈನ್ಯಾನೂ ಗುಂಡಿನ ಮಧ್ಯೆ ಹದಿನೈದು ನಿಮಿಷ ನಿಲ್ಲದೆ ನಡೆಯಲ್ಲ, ಸಾಲು ಸರಿ ಮಾಡ್ಕೋಬೇಕು, ಹಳ್ಳ ದಾಟಬೇಕು, ಮೇಲಿನವರ ಮಾತು ಕೆಳಗೆ ಮುಟ್ಟಬೇಕು, ಹಾಗಾಗಿ ಅರ್ಧ ಮಾಡಿ, ಎಂಟು ಇಂಚು. ಈಗ ಮೇಜು ಉದ್ದಕ್ಕೆ ದಾಟೋಕೆ ಒಂಬತ್ತು ಟರ್ನ್. ಆಟ ಹದಿನಾರು ಟರ್ನ್, ಅಂದ್ರೆ ನಾಲ್ಕು ಗಂಟೆ. ಬೇಯ್ಲಿಗೆ ನಿಂತು ಜಗಳ ಆಡೋಕೆ ಏಳು ಟರ್ನ್ ಮಾತ್ರ ಇದೆ ಅಂತ ಆಟ ಶುರುವಾಗೋ ಮುಂಚೆನೇ ನಿಮಗೆ ಗೊತ್ತಾಯ್ತು. ಈ ಏಳನ್ನ ಹನ್ನೆರಡು ಮಾಡಿದ್ರೆ ಕಂಪನಿಗೆ ಸಲೀಸು, ಮೂರು ಮಾಡಿದ್ರೆ ನಿಮ್ಮ ತಮ್ಮ ಎದ್ದು ಹೋಗ್ತಾನೆ (ಮೇಲಿನ ಪ್ರಶ್ನೆಯ ತಮ್ಮ, ನಿಮ್ಮದಲ್ಲ). ಆಟ ಯಾರ ಕಡೆ ವಾಲ್ತಿದೆ ಅನ್ಸಿದ್ರೆ ಸೈನ್ಯಕ್ಕೆ ಕೈ ಹಾಕೋ ಮುಂಚೆ ಈ ಟರ್ನ್ ಸಂಖ್ಯೆ ಮುಟ್ಟಿ ನೋಡಿ.

ಪ್ರಶ್ನೆ: ನಾವು ಆಡೋರು ಇಬ್ಬರೇ. ಎದುರಾಳಿಗೆ ಗೊತ್ತಾಗಬಾರದ ವಿಷಯ ಮುಚ್ಚಿಡೋದು ಹೇಗೆ? ಮೂರನೆಯವರು ಬೇಕೇ ಬೇಕಾ?

ಉತ್ತರ: ಮೂರನೆಯವರಿದ್ರೆ ಅದಕ್ಕಿಂತ ಒಳ್ಳೇದಿಲ್ಲ. 1824ರಲ್ಲಿ ಪ್ರಷ್ಯಾದ ಸೈನ್ಯಕ್ಕೆ ರೈಸ್ವಿಟ್ಸ್ ಅನ್ನೋ ಅಧಿಕಾರಿ ಮಾಡಿಕೊಟ್ಟ ಕ್ರೀಗ್‌ಸ್ಪೀಲ್ ಆಟದಲ್ಲೇ ಅಂಪೈರ್ ಇದ್ದ, ಎರಡೂ ಕಡೆಯವರು ಅವನಿಗೆ ಚೀಟಿ ಬರೆದು ಕೊಡೋದು, ಅವನು ಯಾರಿಗೆ ಏನು ಕಾಣ್ಬೇಕೋ ಅಷ್ಟೇ ನಕ್ಷೆ ಮೇಲೆ ಇಡೋದು.

ಇಬ್ಬರೇ ಇದ್ರೆ ಲಕೋಟೆ ಇದೆಯಲ್ಲ. ಪೊಲ್ಲಿಲೂರಿಗೆ ಮನ್ರೋನ ಲಕೋಟೆ ಅಂತ ಮಾಡಿದೀನಿ, ನನಗೆ ಬಹಳ ಇಷ್ಟವಾದ ಭಾಗ ಇದು. ಐದು ಲಕೋಟೆ, ಒಂದರಲ್ಲಿ "ಹತ್ತನೇ ಟರ್ನ್‌ಗೆ ಮನ್ರೋ ಬರ್ತಾನೆ", ಇನ್ನೊಂದರಲ್ಲಿ "ಹದಿನಾಲ್ಕಕ್ಕೆ", ಮಿಕ್ಕ ಮೂರರಲ್ಲಿ "ಬರಲ್ಲ". ಕಲೆಸಿ ಒಂದು ತೆಗೆದು ಮೇಜಿನ ಮೂಲೇಲಿ ಇಡೋದು, ಹತ್ತನೇ ಟರ್ನ್ ತನಕ ಯಾರೂ ಒಡೆಯೋ ಹಾಗಿಲ್ಲ. ನಿಜವಾಗಿ ಮನ್ರೋ ಸಮಯಕ್ಕೆ ಬರಲಿಲ್ಲ, ಆಮೇಲೆ ಕಾಂಚೀಪುರದಲ್ಲಿ ಭಾರೀ ಫಿರಂಗಿಗಳನ್ನ ಕೆರೆಗೆ ತಳ್ಳಿ ಮದ್ರಾಸಿಗೆ ವಾಪಸ್ ಹೋದ. ಇದು ನಮಗೆ ಗೊತ್ತು. ಹೈದರನಿಗೆ ಅವತ್ತು ಬೆಳಗ್ಗೆ ಗೊತ್ತಿರ್ಲಿಲ್ಲ, ಬೇಯ್ಲಿಗೂ ಇಲ್ಲ. ಲಕೋಟೆ ಇಟ್ಟಾಗ ಏನಾಗುತ್ತೆ ನೋಡಿ, ಹೈದರ್ ಕಡೆಯವರು ಐದಾರು ತುಂಡನ್ನ ಕಾಂಚೀಪುರದ ದಾರಿಗೆ ಮುಖ ಮಾಡಿ ಇಡ್ಲೇಬೇಕು, ಇಟ್ಟರೆ ಈ ಕಡೆ ಕಮ್ಮಿ. ಬೇಯ್ಲಿ ಕಡೆಯವರು "ಇನ್ನೊಂದು ಟರ್ನ್ ತಡ್ಕೊಳೋಣ, ಬಂದ್ರೂ ಬರಬಹುದು" ಅಂತ ಚೌಕದಲ್ಲೇ ಕೂರ್ತಾರೆ, ಕೆಂಪು ಗುಂಡಿ ಕೂಡ್ತಾ ಹೋಗುತ್ತೆ. ಒಂದು ಸಲ ಹತ್ತನೇ ಟರ್ನ್‌ಗೆ ಲಕೋಟೆ ಒಡೆದಾಗ "ಬರಲ್ಲ" ಅಂತಿತ್ತು, ಗೆಳೆಯ ಆ ಚೀಟಿ ಹರಿದೇ ಹಾಕಿದ. ಹೊಸದಾಗಿ ಬರೆಯಬೇಕಾಯ್ತು.

ಇನ್ನು ಮೈಸೂರಿನ ತುಕಡಿಗಳಿಗೆ ಸುಳ್ಳು ತುಂಡು ಕೊಡಿ. ಹತ್ತು ಮಡಚಿದ ಕಾರ್ಡ್, ಆರರ ಕೆಳಗೆ ನಿಜವಾದ ಸೈನ್ಯ, ನಾಲ್ಕು ಖಾಲಿ. ಹದಿನೈದು ಇಂಚಿಗೆ ಬಂದಾಗ ತಿರುಗಿಸಿ ತೋರಿಸೋದು. ಕಂಪನಿ ಕಡೆಗೆ ಸುಳ್ಳು ಬೇಡ, ಅವರು ಬಯಲಲ್ಲಿ ಬೆತ್ತಲೆ ನಿಂತಿದಾರೆ, ಹೈದರನ ಗೂಢಚಾರರಿಗೆ ಎಲ್ಲಾ ಗೊತ್ತಿತ್ತು.

ಪ್ರಶ್ನೆ: ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆ ಗೋಡೆ ಮೇಲೆ ಇದೇ ಕದನದ ಚಿತ್ರ ಇದೆಯಲ್ಲ, ಅದನ್ನ ನೋಡ್ಕೊಂಡು ಬಣ್ಣ, ಸೈನ್ಯದ ಜೋಡಣೆ ಎಲ್ಲಾ ಮಾಡಬಹುದಾ?

ಉತ್ತರ: ನೋಡಿ, ಖಂಡಿತ ನೋಡಿ, ನಾನು ಒಂದು ಮಧ್ಯಾಹ್ನ ಪೂರ್ತಿ ಅದರ ಮುಂದೆ ಕಳೆದಿದೀನಿ. ಕೆಂಪು ಕೋಟಿನ ಚೌಕ, ಮಧ್ಯೆ ಪಲ್ಲಕ್ಕೀಲಿ ಬೇಯ್ಲಿ, ಬೆಂಕಿ ಹತ್ತಿ ಸಿಡೀತಿರೋ ಗಾಡಿ, ಸುತ್ತ ಕುದುರೆಯೋ ಕುದುರೆ. ಮನಸ್ಸಿಗೆ ಅದು ಇಳಿದ್ರೆ ನೀವು ಬರೆಯೋ ಸಿನಾರಿಯೋನೇ ಬೇರೆ.

ಆದ್ರೆ ಅದನ್ನ ನಕ್ಷೆ ಅನ್ಕೋಬೇಡಿ. ಗೆದ್ದವರು ಗೆಲುವನ್ನ ಹೊಗಳೋಕೆ ಬರೆಸಿದ ಚಿತ್ರ ಅದು, ಬೆಳಗಿಂದ ಕೊನೇವರೆಗೆ ನಡೆದಿದ್ದೆಲ್ಲಾ ಒಂದೇ ಗೋಡೇಲಿ ಒಟ್ಟಿಗೆ ಇದೆ. ಬಣ್ಣದ ವಿಷಯ ಇನ್ನೂ ಜಾಗ್ರತೆ, ಟಿಪ್ಪು ಹೋದ್ಮೇಲೆ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಅಲ್ಲಿ ವಾಸ ಇದ್ದಾಗ ಒಂದು ಸಲ ಅದನ್ನ ದುರಸ್ತಿ ಮಾಡಿಸಿದ್ದ, 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಹೇಳಿ ಮತ್ತೆ ಬರೆಸಿದ್ದು. ಅಂದ್ರೆ ನೀವು ಇವತ್ತು ನೋಡೋ ಕೋಟಿನ ಬಣ್ಣದಲ್ಲಿ ಎಷ್ಟು ಮೊದಲಿನದು, ಎಷ್ಟು ಆಮೇಲಿನ ಕುಂಚದ್ದು? ಇನ್ನು ಮೈಸೂರಿನ ಸೈನಿಕ ಅಂದ್ರೆ ಎಲ್ಲರೂ ಹುಲಿಪಟ್ಟೆ ಅಂಗಿ ಬಳಿದುಬಿಡ್ತಾರೆ. ಹುಲಿಪಟ್ಟೆ ಟಿಪ್ಪುವಿನ ಆಳ್ವಿಕೆಯ ಗುರುತು, ಅವನು ಪಟ್ಟಕ್ಕೆ ಬಂದಿದ್ದು 1782ರ ಡಿಸೆಂಬರ್‌ನಲ್ಲಿ ಹೈದರ್ ತೀರ್ಕೊಂಡ ಮೇಲೆ. 1780ರ ಹೈದರನ ದಂಡಿಗೆಲ್ಲಾ ಅದನ್ನ ಹಾಕೋದು ಅಷ್ಟು ಸರಿಯಲ್ಲ, ಬಿಳಿ, ಮಾಸಲು, ನೀಲಿ, ಬೇರೆ ಬೇರೆ ಬಣ್ಣ ಬೆರೆಸಿ ಹಾಕಿ, ಮೇಜಿನ ಮೇಲೂ ಅದೇ ಚೆನ್ನಾಗಿ ಕಾಣುತ್ತೆ.

ಪ್ರಶ್ನೆ: ದಾಳ ಹಾಕೋ ಆಟಕ್ಕೆ ಬುದ್ಧಿ ಎಲ್ಲಿ ಬೇಕು? ಅದೃಷ್ಟ ಇದ್ದೋರು ಗೆಲ್ತಾರೆ ಅಷ್ಟೆ.

ಉತ್ತರ: ಒಂದೇ ದಾಳದ ಮೇಲೆ ಇಡೀ ಕದನ ನಿಂತಿದ್ರೆ ನೀವು ಹೇಳೋದು ಸರಿ. ಒಂದು ದಾಳದ ಬದಲು ಎರಡು ಹಾಕಿ ಕೂಡಿಸಿ, ಏಳರ ಸುತ್ತಮುತ್ತಲೇ ಜಾಸ್ತಿ ಬೀಳುತ್ತೆ, ಎರಡೂ ಹನ್ನೆರಡೂ ಅಪರೂಪ. ಬುದ್ಧಿ ಬೇಕಾಗೋದು ದಾಳ ಕೈಗೆ ತಗೊಳ್ಳೋಕೆ ಮುಂಚೆ, ಯಾವ ಜಾಗದಲ್ಲಿ ಯಾವಾಗ ದಾಳ ಹಾಕೋ ಪರಿಸ್ಥಿತಿ ತಂದ್ಕೊತೀರಿ ಅನ್ನೋದರಲ್ಲಿ. ಆ ಹೊಳೆ ರಾತ್ರಿ ತುಂಬಿದ್ದು ಅದೃಷ್ಟ, ಈಚೆ ದಡದಲ್ಲಿ ಮಲಗಿದ್ದು ಬೇಯ್ಲಿ.

ಪ್ರಶ್ನೆ: ಅಷ್ಟು ಜನ ಸತ್ತ ಜಾಗಾನ ಆಟದ ಮೇಜು ಮಾಡೋದು ನನಗೆ ಯಾಕೋ ಕಸಿವಿಸಿ ಆಗುತ್ತೆ. ನಿಮಗೆ ಆಗಲ್ವಾ?

ಉತ್ತರ: ಆಗುತ್ತೆ. ಬೇಯ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ 1782ರಲ್ಲಿ ಸತ್ತ, ಉಳಿದ ಸೆರೆಯಾಳುಗಳು ಬಿಡುಗಡೆ ಆಗಿದ್ದು 1784ರ ಮಂಗಳೂರು ಒಪ್ಪಂದದ ಮೇಲೆ. ಕಂಪನಿ ಕಡೆ ಸತ್ತವರಲ್ಲಿ ಬಹುಪಾಲು ಈ ನೆಲದ ಸಿಪಾಯಿಗಳೇ, ಅವರ ಹೆಸರು ಹುಡುಕಿದ್ರೂ ನಮಗೆ ಸಿಗಲ್ಲ, ಬೇಯ್ಲಿ, ಫ್ಲೆಚರ್, ಬೇರ್ಡ್ ಅಂತ ಅಧಿಕಾರಿಗಳ ಹೆಸರು ಮಾತ್ರ ಉಳಿದಿದೆ. ನಾನು ಮಾಡೋದು ಇಷ್ಟೆ, ತುಂಡುಗಳ ಮೇಲೆ ನಂಬರ್ ಬದಲು "200 ಜನ" ಅಂತ ಬರೀತೀನಿ. ಎತ್ತಿಡುವಾಗ ಕಣ್ಣಿಗೆ ಬೀಳುತ್ತೆ. ಇದು ಸಾಕಾ ಅಂತ ಕೇಳಿದ್ರೆ ನನ್ನ ಹತ್ರ ಉತ್ತರ ಇಲ್ಲ, ನಿಮ್ಮ ಕಸಿವಿಸಿ ತಪ್ಪು ಅಂತಾನೂ ಹೇಳಲ್ಲ.

ಪ್ರಶ್ನೆ: ಸಿನಾರಿಯೋ ಬರೆದಾಯ್ತು. ಎಷ್ಟು ಸಲ ಆಡಿ ನೋಡಿದ್ರೆ ರೆಡಿ ಅನ್ನಬಹುದು?

ಉತ್ತರ: ನೀವೇ ಹತ್ತು ಸಲ ಆಡಿದ್ರೂ ಅದು ಅರ್ಧ ಲೆಕ್ಕ, ಯಾಕಂದ್ರೆ ಹಾಳೇಲಿ ಬಿಟ್ಟುಹೋಗಿರೋದನ್ನ ನಿಮ್ಮ ತಲೆ ತುಂಬಿಸ್ಕೊಳುತ್ತೆ, ನಿಮಗೆ ಗೊತ್ತೇ ಆಗಲ್ಲ. ಮೊದಲು ಎರಡು ಮೂರು ಸಲ ಒಬ್ಬರೇ ಎರಡೂ ಕಡೆ ಆಡಿ, ಲೆಕ್ಕದ ತಪ್ಪೆಲ್ಲಾ ಅಲ್ಲೇ ಸಿಗುತ್ತೆ. ಆಮೇಲೆ ಗೆಳೆಯರ ಜೊತೆ, ಒಂದು ಸಲ ಆಡಿದ್ರೆ ಕಡೆ ಬದಲಾಯಿಸಿ ಇನ್ನೊಂದು ಸಲ. ಪ್ರತಿ ಸಲ ಒಂದೇ ಒಂದು ವಿಷಯ ಬದಲಾಯಿಸಿ, ಟರ್ನ್ ಸಂಖ್ಯೆನೂ ಫಿರಂಗಿ ದೂರಾನೂ ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಸರಿಹೋಯ್ತು ಅಂತ ಹೇಳಕ್ಕಾಗಲ್ಲ.

ಕೊನೇದು ಬಹಳ ಕಷ್ಟದ್ದು. ಈ ಕದನದ ಹೆಸರೇ ಕೇಳದ ಇಬ್ಬರಿಗೆ ಹಾಳೆ ಕೊಟ್ಟು ನೀವು ಪಕ್ಕದಲ್ಲಿ ಬಾಯಿ ಮುಚ್ಕೊಂಡು ಕೂರಬೇಕು. ಅವರು ತಪ್ಪು ಆಡ್ತಿದ್ರೂ ಮಾತಾಡಬಾರದು, ಕೇಳಿದ್ರೆ "ಹಾಳೆ ನೋಡಿ" ಅಷ್ಟೇ. ನಾನು ಹಾಗೆ ಕೂತಾಗ ಅವರು ಚೌಕವನ್ನ ಮೇಜಿನ ಉದ್ದಕ್ಕೂ ಎಂಟೆಂಟು ಇಂಚು ನಡೆಸಿಕೊಂಡು ಹೊರಟ್ರು, ಚೌಕ ಕಟ್ಟಿದ್ರೆ ನಡೆಯೋ ಹಾಗಿಲ್ಲ ಅಂತ ನಾನು ಎಲ್ಲರಿಗೂ ಬಾಯಲ್ಲಿ ಹೇಳಿದ್ದೆ, ಹಾಳೇಲಿ ಬರೆದೇ ಇರ್ಲಿಲ್ಲ.